ಚಂದ್ರಶೇಖರರ ಬಲಗೈ ಮತ್ತು ತೂತಿನ ಬ್ಯಾಟು

ಅಮೆರಿಕದಲ್ಲಿ ನೆಲೆಸಿರುವ ನನ್ನ ಸೋದರಳಿಯ ಈಚೆಗೆ ಬಿನ್ನಿಪೇಟೆಯ ಮನೆಗೆ ಬಂದಿದ್ದಾಗ, ಬೇಸ್‌ಬಾಲ್ ಪಿಚರ್ ಒಬ್ಬನ ಚಿತ್ರವಿದ್ದ ಪುಟ್ಟ ಕಾರ್ಡನ್ನು ಬಲು ಜೋಪಾನವಾಗಿ ಹೊರತೆಗೆದು ತೋರಿಸಿದ. ಅಲ್ಲಿ ಹೋನಸ್ ವ್ಯಾಗ್ನರ್ ಎಂಬ ಹಳೆಯ ಆಟಗಾರನ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತೆಂದೂ, ಅದು ಸುಮಾರು 1910ರಲ್ಲಿ ಸಿಗರೇಟು ಪೊಟ್ಟಣದ ಜತೆ ಪುಕ್ಕಟೆಯಾಗಿ ಬಂದದ್ದೆಂದೂ ತಿಳಿಸಿದ. "ಮಾಮ, ನಮ್ಮ ಬೌಲರುಗಳದ್ದು ನಿಮ್ಮ ಹತ್ತಿರ ಏನಾದರೂ ಇದೆಯೆ?" ಎಂದು ಕೇಳಿದ. ನಾನು ಅಟ್ಟದಿಂದ ಉದ್ದನೆಯ ನೋಟುಬುಕ್ಕೊಂದನ್ನು ಇಳಿಸಿದೆ. ಅದರ ತುಂಬ ಬಿ. ಎಸ್. ಚಂದ್ರಶೇಖರರನ್ನು ಕುರಿತ ಪತ್ರಿಕಾ ತುಣುಕುಗಳು.

ಚಂದ್ರಶೇಖರರು 1945ರಲ್ಲಿ ಮೈಸೂರಿನಲ್ಲಿ ಜನಿಸಿದರು. ಎಳವೆಯಲ್ಲಿಯೇ ಪೋಲಿಯೊ ತಗುಲಿ ಬಲಗೈ ಕೃಶವಾಯಿತು. ಕುಟುಂಬ ಬೆಂಗಳೂರಿಗೆ ಬಂದ ಮೇಲೆ ಬೀದಿಯಲ್ಲಿ ರಬ್ಬರ್ ಚೆಂಡಿನಲ್ಲಿ ಆಡುತ್ತಿದ್ದ ಈ ಹುಡುಗ, ತೊಗಲಿನ ಚೆಂಡಿನ ಆಸೆಗಾಗಿಯೇ ಸಿಟಿ ಕ್ರಿಕೆಟರ್ಸ್ ತಂಡವನ್ನು ಸೇರಿದರು. ಲೆಗ್ ಸ್ಪಿನ್ನನ್ನೇ ನೆಚ್ಚಿಕೊಂಡದ್ದು 1963ರಲ್ಲಿ. 1964ರ ಜನವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್! ಫೀಲ್ಡಿಂಗ್ ಮಾಡುವಾಗ ಅವರು ಚೆಂಡನ್ನು ಎಸೆಯುತ್ತಿದ್ದುದು ಎಡಗೈಯಿಂದ. ಬಲ ಸಾಲದ ಆ ಬಲಗೈಯೇ ಬೌಲಿಂಗಿನಲ್ಲಿ ಚಾಟಿಯಂತೆ ಬೀಸುತ್ತಿತ್ತು. ಲೆಗ್ ಸ್ಪಿನ್ನರಿಗೆ ಅಪರೂಪವಾದ ವೇಗದಲ್ಲಿ ಬರುತ್ತಿದ್ದ ಗೂಗ್ಲಿಯನ್ನು ಗುರುತಿಸುವಷ್ಟರಲ್ಲಿ ಬ್ಯಾಟುಗಾರನ ಕಾಲ ಮುಗಿದಿರುತ್ತಿತ್ತು.

1971ರ ಆಗಸ್ಟಿನ ಓವಲ್ ಪಂದ್ಯದ ಸುದ್ದಿಗೆ ನನ್ನ ಪುಸ್ತಕದಲ್ಲಿ ನಾಲ್ಕು ಪುಟಗಳಿವೆ. ನನಗಾಗ ಹದಿನಾಲ್ಕು ವರ್ಷ. ಮೊದಲ ಸರದಿಯಲ್ಲಿ 71 ರನ್ನುಗಳಿಂದ ಹಿಂದಿದ್ದ ಭಾರತಕ್ಕೆ ಸೋಲು ತಪ್ಪಿದರೆ ಸಾಕೆಂದು ಹಿರಿಯರು ಹೇಳುತ್ತಿದ್ದರು. ಚಂದ್ರಶೇಖರರು ಎಡ್ರಿಚ್ಚರನ್ನು ಸೊನ್ನೆಗೆ ಬೌಲ್ಡ್ ಮಾಡಿದರು. ಮರುಚೆಂಡಿಗೇ ಫ್ಲೆಚರ್ ಕೂಡ ಸೊನ್ನೆ. ಇಂಗ್ಲೆಂಡ್ 101ಕ್ಕೆ ಕುಸಿಯಿತು. 38 ರನ್ನಿಗೆ 6 ವಿಕೆಟ್! ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ದೊರೆತ ಮೊದಲ ಟೆಸ್ಟ್ ಜಯ, ಮೊದಲ ಸರಣಿ ಜಯ ಅದು. ಗಣೇಶನ ಹಬ್ಬದ ಸಮಯವಾದ್ದರಿಂದ ಅಭಿಮಾನಿಗಳು ಮೈದಾನಕ್ಕೆ ಆನೆಯೊಂದನ್ನು ಕರೆತಂದಿದ್ದರು.

1974ರ ನವೆಂಬರಿನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ನಡೆಯಿತು. ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣ ಆಗಿನ್ನೂ ಪೂರ್ತಿ ಕಟ್ಟಿ ಮುಗಿದಿರಲಿಲ್ಲ. ವಿವಿಯನ್ ರಿಚರ್ಡ್ಸರಿಗೆ ಅದು ಮೊದಲ ಟೆಸ್ಟ್. ಚಂದ್ರಶೇಖರರು ಎರಡೂ ಸರದಿಗಳಲ್ಲಿ ಅವರನ್ನು 4 ಮತ್ತು 3 ರನ್ನುಗಳಿಗೆ ಹಿಂದಿರುಗಿಸಿದರು.

ಬ್ಯಾಟುಗಾರನು ಶತಕ ಹೊಡೆದ ಬ್ಯಾಟನ್ನು ಗೋಡೆಗೆ ತೂಗುಹಾಕಬಹುದು. ಬೌಲರಿಗೆ ಉಳಿಯುವುದಾದರೂ ಏನು? ನಾಲ್ವರು ಎಸೆದು ಸವೆಸಿದ, ಹೊಲಿಗೆ ಸಡಿಲಿದ ಚೆಂಡು. ವಿಚಿತ್ರವೆಂದರೆ, 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದ ಈ ಮಹಾನ್ ಬೌಲರಿಗೆ ಸಂಬಂಧಿಸಿದ ಅತಿ ಪ್ರಸಿದ್ಧ ವಸ್ತು ಒಂದು ಬ್ಯಾಟು! ಅವರ ಒಟ್ಟು ಟೆಸ್ಟ್ ರನ್ನುಗಳು 167 ಮಾತ್ರ, ವಿಕೆಟ್ಟುಗಳಿಗಿಂತಲೂ ಕಡಿಮೆ. 1977-78ರ ಆಸ್ಟ್ರೇಲಿಯ ಪ್ರವಾಸದಲ್ಲಿ ನಾಲ್ಕು ಸೊನ್ನೆ ಸುತ್ತಿದ್ದಕ್ಕೆ ಗ್ರೇ-ನಿಕಲ್ಸ್ ಕಂಪನಿಯವರು ನಡುವೆ ತೂತು ಕೊರೆದ ಬ್ಯಾಟನ್ನು ಅವರಿಗೆ ಕಾಣಿಕೆಯಾಗಿ ಕೊಟ್ಟರು. ಆ ತಮಾಷೆ ಎಲ್ಲರಿಗೂ ನೆನಪಿದೆ. ಅದೇ ಪ್ರವಾಸದ ಮೆಲ್ಬರ್ನ್ ಟೆಸ್ಟಿನಲ್ಲಿ ಎರಡೂ ಸರದಿಗಳಲ್ಲಿ 52 ರನ್ನಿಗೆ 6 ವಿಕೆಟ್ ಪಡೆದು, ಆಸ್ಟ್ರೇಲಿಯದಲ್ಲಿ ಭಾರತಕ್ಕೆ ಮೊದಲ ಜಯ ತಂದುಕೊಟ್ಟದ್ದನ್ನು ನಾವೇ ಜ್ಞಾಪಿಸಬೇಕಾಗುತ್ತದೆ. ನನಗೆ ಈ ವಿಷಯದಲ್ಲಿ ತುಸು ಕೋಪವೇ ಇದೆ.

1979ರಲ್ಲಿ ಅವರ ಟೆಸ್ಟ್ ಆಟ ಮುಗಿಯಿತು. 1991ರಲ್ಲಿ ಬೆಂಗಳೂರಿನಲ್ಲಿ ಲಾರಿ ಅಪಘಾತಕ್ಕೆ ಸಿಲುಕಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಬಾಲ್ಯದಲ್ಲಿ ಕೈ, ಈಗ ಕಾಲುಗಳು. ಆ ಸುದ್ದಿಯ ತುಣುಕನ್ನು ಅಂಟಿಸಲು ಮನಸ್ಸು ಬಾರದೆ ಪುಟಗಳ ನಡುವೆ ಹಾಗೆಯೇ ಇಟ್ಟಿದ್ದೇನೆ.

ಅಳಿಯ ಓವಲ್ ಪುಟದ ಮುಂದೆ ಬಹಳ ಹೊತ್ತು ಕುಳಿತಿದ್ದ. ಮೈದಾ ಅಂಟಿನ ರುಚಿಗೆ ಬಂದ ಹುಳುಗಳು ಅಂಕಪಟ್ಟಿಯಲ್ಲಿದ್ದ 38ನ್ನು ತಿಂದುಹಾಕಿದ್ದವು. ನಾನು ಎಂದೋ ನೀಲಿ ಶಾಯಿಯಲ್ಲಿ ತುಂಬಿಸಿದ್ದೆ. ಹಾಗೆ ಬರೆದರೆ ಬೆಲೆ ಬಿದ್ದುಹೋಗುತ್ತದೆ ಎಂದ. ಪುಸ್ತಕವನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ, ಈಗ ಮೇಜಿನ ಮೇಲಿದೆ. ನೋಡಬೇಕೆನಿಸಿದವರು ಬನ್ನಿ.