ಕಲ್ಲು ಎದ್ದುಹೋದ ಜಾಗ

ವಿಧಾನಸೌಧದ ಕಥೆ ನಮಗೆಲ್ಲ ಗೊತ್ತಿರುವುದೇ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದರು. ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದರು. 1956ರಲ್ಲಿ ಕಟ್ಟಡ ಪೂರ್ಣಗೊಂಡಿತು. ಆದರೆ ಅಷ್ಟೊಂದು ಕಲ್ಲು ಎಲ್ಲಿಂದ ಬಂತು ಎಂದು ಕೇಳುವವರು ಅಪರೂಪ. ಅದರ ಬಹುಪಾಲು ಬಂದದ್ದು ಮಲ್ಲಸಂದ್ರ ಮತ್ತು ಹೆಸರಘಟ್ಟದ ಸುತ್ತಿನ ಬಂಡೆಗಳಿಂದ. ನಾನಿರುವ ಚಿಕ್ಕಬಾಣಾವರ ಇವೆರಡರ ನಡುವೆ ಇದೆ. ಹೀಗಾಗಿ ಆ ಕಟ್ಟಡದ ಮುಂದೆ ನಿಂತಾಗಲೆಲ್ಲ ನನಗೆ ಎದ್ದುನಿಂತ ಕಲ್ಲಿಗಿಂತ, ಕಲ್ಲು ಎದ್ದುಹೋದ ಜಾಗದ ನೆನಪಾಗುತ್ತದೆ.

ಬೆಂಗಳೂರಿನ ಬಂಡೆ ಸುಲಭಕ್ಕೆ ಬಗ್ಗುವುದಲ್ಲ. ಅದನ್ನು ನಮ್ಮವರು ಬೆಂಕಿಯಿಂದ ಪಳಗಿಸಿದ್ದರು. ಎಚ್. ವಾರ್ತ್ ಎಂಬ ವಿದ್ವಾಂಸರು 1895ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಈ ವಿದ್ಯೆಯನ್ನು ವರ್ಣಿಸಿದ್ದಾರೆ. ಬಂಡೆಯ ಮೇಲೆ ಸುಮಾರು 7 ಅಡಿ ಉದ್ದಕ್ಕೆ ಒಣ ಸೌದೆಯ ಸಾಲು ಹಚ್ಚುತ್ತಿದ್ದರು. ಸುತ್ತಿಗೆಯಿಂದ ಕುಟ್ಟಿ ಸದ್ದು ಕೇಳುತ್ತಿದ್ದರು. ಕೆಳಗೆ ಕಲ್ಲು ಬಿಟ್ಟುಕೊಂಡಿದೆ ಎಂದು ಸದ್ದು ಹೇಳಿದರೆ, ಬೆಂಕಿಯನ್ನು ಕೆಲವು ಅಂಗುಲ ಮುಂದೆ ತಳ್ಳುತ್ತಿದ್ದರು. ಸಾಲು ಬೆಳೆಯುತ್ತ 25 ಅಡಿಯ ಬಿಲ್ಲಿನಂತಾಗುತ್ತಿತ್ತು. ಎಂಟು ಗಂಟೆಯಲ್ಲಿ ಸುಮಾರು 5 ಅಂಗುಲ ದಪ್ಪದ, 740 ಚದರಡಿಯ ಒಂದೇ ಚಪ್ಪಡಿ ಎದ್ದು ಬರುತ್ತಿತ್ತು. ಇದಕ್ಕೆ ಬೇಕಾಗುತ್ತಿದ್ದುದು ಹೆಚ್ಚೆಂದರೆ 760 ಕಿಲೋ ಸೌದೆ. ಎಲ್ಲಿ ಉರಿಸಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ಕಲ್ಲುಕುಟಿಗನ ಕಿವಿ. ಈ ಕಿವಿಯುಳ್ಳವರನ್ನೇ ನಾವು ಅನಕ್ಷರಸ್ಥರು, ಕೂಲಿಯವರು ಎಂದು ಕರೆದೆವು. ಈ ಕಸುಬಿನಲ್ಲಿ ತಲೆಮಾರುಗಳಿಂದ ಬೆವರು ಸುರಿಸಿದವರಲ್ಲಿ ಭೋವಿ ಸಮುದಾಯದವರು ಮುಖ್ಯರು. ವಿಧಾನಸೌಧದ ಚರಿತ್ರೆಯಲ್ಲಿ ಮುಖ್ಯಮಂತ್ರಿಯ ಹೆಸರಿದೆ, ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಹೆಸರಿದೆ. ಬಂಡೆ ಸೀಳಿದವರು ಅಲ್ಲಿ ‘ಸಾವಿರಾರು ಕಾರ್ಮಿಕರು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾರೆ.

ಇದು ಇಂದು ನಿನ್ನೆಯ ರೀತಿಯಲ್ಲ. ಕಾರ್ಕಳದ ಬೆಟ್ಟದ ಬರಿಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿ ಹೋದರೆ 42 ಅಡಿಯ ಬಾಹುಬಲಿ ಎದುರಾಗುತ್ತಾನೆ. ಶ್ರವಣಬೆಳಗೊಳದ ಮೂರ್ತಿಯನ್ನು ಬೆಟ್ಟದ ನೆತ್ತಿಯ ಬಂಡೆಯಲ್ಲೇ ಬಿಡಿಸಲಾಯಿತು. ಕಾರ್ಕಳದ್ದು ಹಾಗಲ್ಲ, ಬೇರೆಡೆ ಕಡೆದು, ಬಂಡಿಯ ಮೇಲಿಟ್ಟು ಬೆಟ್ಟಕ್ಕೆ ಎಳೆದು ತಂದದ್ದು. ಪ್ರತಿಷ್ಠೆಯಾದದ್ದು 1432ರ ಫೆಬ್ರವರಿ 13ರಂದು ಎಂದು ಶಾಸನ ಹೇಳುತ್ತದೆ. ಮಾಡಿಸಿದ ಅರಸ ವೀರಪಾಂಡ್ಯನ ಹೆಸರೂ ಅದರಲ್ಲಿದೆ. ಉಳಿ ಹಿಡಿದವನ ಹೆಸರು, ಹಗ್ಗ ಎಳೆದವನ ಹೆಸರು ನಮ್ಮ ತನಕ ಬರಲಿಲ್ಲ.

ಹೆಸರು ಬರೆಯುವ ರೂಢಿಯೇ ನಮ್ಮಲ್ಲಿ ಇರಲಿಲ್ಲ ಎನ್ನುವಂತಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಆದರೆ ಜನರ ಬಾಯಲ್ಲಿ ಉಳಿದದ್ದು ಜಕಣಾಚಾರಿಯ ಕಥೆ. ನೂರಾರು ಜನರ ಕೆಲಸವನ್ನು ಒಬ್ಬ ಪವಾಡಪುರುಷನ ಹೆಸರಿಗೆ ಬರೆದುಕೊಟ್ಟರೆ ಉಳಿದವರ ಲೆಕ್ಕ ಕೇಳುವ ತೊಂದರೆ ತಪ್ಪುತ್ತದೆ.

ಹೀಗೆ ಮರೆಸಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಶಾಂತಸಾಗರದ ನಡುವಿನ ರಾಪಾನುಯಿ, ಅಂದರೆ ಈಸ್ಟರ್ ದ್ವೀಪ, ಸಾಕ್ಷಿ. ಅಲ್ಲಿನ ಸುಮಾರು ಒಂದು ಸಾವಿರ ದೈತ್ಯ ಮೂರ್ತಿಗಳಲ್ಲಿ ಹೆಚ್ಚಿನವನ್ನು ಕಡೆದದ್ದು ರಾನೊ ರರಾಕು ಎಂಬ ಆರಿದ ಜ್ವಾಲಾಮುಖಿಯ ಮೈಯಲ್ಲಿ. ನಮ್ಮ ವಿಜಯಪುರದ ಗೋಳಗುಮ್ಮಟದ ಕರಿಗಲ್ಲೂ ಜ್ವಾಲಾಮುಖಿಯ ಕೂಸೇ. ಆದರೆ ಅದು ಲಾವಾ ಹೆಪ್ಪುಗಟ್ಟಿದ ಗಡಸು ಕಲ್ಲು. ರಾನೊ ರರಾಕುವಿನದು ಬೂದಿ ಒತ್ತಿಕೊಂಡು ಆದ ಮೆದು ಕಲ್ಲು. ಕಬ್ಬಿಣವನ್ನೇ ಕಾಣದ ಜನ ಅದನ್ನು ಕಲ್ಲಿನ ಉಳಿಯಿಂದ ಕಡೆದರು. 1862ರಲ್ಲಿ ಪೆರುವಿನ ಗುಲಾಮ ವ್ಯಾಪಾರಿಗಳು ದ್ವೀಪದ ಮೇಲೆ ಬಿದ್ದು ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತೊಯ್ದರು. ಮರಳಿದ ಕೆಲವರೊಂದಿಗೆ ಸಿಡುಬು ಬಂತು. 1877ರ ಹೊತ್ತಿಗೆ ಅಲ್ಲಿ ಉಳಿದವರು ಬರೀ 111 ಮಂದಿ. ಆಮೇಲೆ ಹೊರಗಿನವರು ಕಥೆ ಕಟ್ಟತೊಡಗಿದರು. ಈ ಬಡ ಜನ ಇಂಥದ್ದನ್ನು ಮಾಡಿರಲಾರರು, ದಕ್ಷಿಣ ಅಮೆರಿಕದಿಂದ ಬಂದವರು ಮಾಡಿದರು, ಆಕಾಶದಿಂದ ಇಳಿದವರು ಮಾಡಿದರು ಎಂದೆಲ್ಲ ಬರೆದರು.

ಈ ಸುಳ್ಳಿಗೆ ಉತ್ತರ ಕೊಟ್ಟದ್ದು ಆ ಕಲ್ಲುಗಣಿ. ಅಲ್ಲಿ ಸುಮಾರು 400 ಮೂರ್ತಿಗಳು ಇಂದಿಗೂ ಉಳಿದಿವೆ. ಒಂದಕ್ಕೆ ಮುಖ ಮಾತ್ರ ಮೂಡಿದೆ, ಇನ್ನೊಂದರ ಬೆನ್ನು ಬಂಡೆಗೆ ಅಂಟಿಕೊಂಡಿದೆ. 21 ಮೀಟರಿನ ಒಂದು ದೈತ್ಯ ಮಲಗಿದಲ್ಲೇ ಇದೆ. ಸವೆದ ಕಲ್ಲಿನ ಉಳಿಗಳು ಪಕ್ಕದಲ್ಲೇ ಸಿಕ್ಕಿವೆ. ಮುಗಿದ ಮೂರ್ತಿ ಮಾಡಿಸಿದವನ ಹಿರಿಮೆ ಹೇಳಿದರೆ, ಮುಗಿಯದ ಮೂರ್ತಿ ಮಾಡಿದವರ ಕೈಯನ್ನು ತೋರಿಸುತ್ತದೆ.

ಹೆಸರು ಉಳಿಸುವುದು ಕಷ್ಟದ ಕೆಲಸವೇನಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದದ್ದು ಕಾರ್ಕಳದಲ್ಲೇ. ಕೆಲಸ 1967ರಲ್ಲಿ ಶುರುವಾಯಿತು, 1973ರಲ್ಲಿ ಮೂರ್ತಿ ಧರ್ಮಸ್ಥಳಕ್ಕೆ ಸಾಗಿತು. ಅದರ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಎಂಬುದನ್ನು ಕರಾವಳಿಯ ಜನ ಮರೆತಿಲ್ಲ. ಅವರೊಂದಿಗೆ ದುಡಿದವರ ಹೆಸರೂ ಹೀಗೆಯೇ ಬಾಯಿಂದ ಬಾಯಿಗೆ ಬರಬೇಕಾಗಿತ್ತು.

ಬೆಂಗಳೂರಿನ ಉತ್ತರಕ್ಕೆ ಏನಾಯಿತು ನೋಡಿ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕ್ವಾರಿ ಗುಂಡಿಗಳಿಗೆ ನಗರದ ಕಸ ತಂದು ಸುರಿದರು. ಊರಿಗೆ ಕಲ್ಲು ಕೊಟ್ಟ ಜಾಗಕ್ಕೆ ಊರು ಕೊಟ್ಟ ಪ್ರತಿಫಲ ಇದು. ಕಸದಡಿಯಲ್ಲಿ ಉಳಿಯ ಗುರುತುಗಳೂ ಹೂತುಹೋದವು.

ಉರ್ದುವಿನಲ್ಲಿ ಕಲ್ಲು ಕಡೆಯುವವನಿಗೆ ಸಂಗ್‌ತರಾಶ್ ಎನ್ನುತ್ತಾರೆ. ಆ ಮಾತು ಕೇಳಿದರೆ ನೆನಪಾಗುವವನು ಫರ್ಹಾದ್. ಶೀರೀನಳಿಗಾಗಿ ಬೆಟ್ಟ ಕಡಿದವನು. ಬಾದಶಹ ಖುಸ್ರೋ ಕಳಿಸಿದ ಸುಳ್ಳು ಸುದ್ದಿ ನಂಬಿ ಸತ್ತವನು. ಇರಾನಿನ ಬಿಸೋತೂನ್ ಬೆಟ್ಟದಲ್ಲಿ ಸುಮಾರು 200 ಮೀಟರ್ ಅಗಲಕ್ಕೆ ಕಡಿದು ನುಣುಪಾಗಿಸಿ, ಅರ್ಧಕ್ಕೇ ಬಿಟ್ಟ ಒಂದು ಬಂಡೆಗೋಡೆಯಿದೆ. ವಿದ್ವಾಂಸರ ಪ್ರಕಾರ ಅದನ್ನು ಮಾಡಿಸಹೊರಟವನು ಆ ಖುಸ್ರೋನೇ. ಆದರೆ ಜನ ಇಂದಿಗೂ ಅದನ್ನು ಕರೆಯುವುದು ‘ಫರ್ಹಾದ್ ತರಾಶ್’ ಎಂದು, ಅಂದರೆ ಫರ್ಹಾದನು ಕಡಿದದ್ದು. ಮಾಡಿಸಿದವನನ್ನು ಬಿಟ್ಟು ಮಾಡಿದವನನ್ನು ನೆನೆದ ಜನ ಅವರು.

ಮಲ್ಲಸಂದ್ರ, ಹೆಸರಘಟ್ಟದ ಕಡೆಯ ಬಂಡೆಗಳಿಗೂ ಅಂಥ ಒಂದು ಹೆಸರು ಸಲ್ಲಬೇಕು. ವಿಧಾನಸೌಧಕ್ಕೆ ಕಲ್ಲು ಸೀಳಿದವರ ಮಕ್ಕಳು, ಮೊಮ್ಮಕ್ಕಳು ಈ ಸೀಮೆಯಲ್ಲಿ ಇದ್ದೇ ಇರುತ್ತಾರೆ. ಅವರನ್ನು ಕೂರಿಸಿಕೊಂಡು ಅಜ್ಜನ ಹೆಸರೇನು, ಯಾವ ಬಂಡೆಯ ಮೇಲೆ ಕೆಲಸ, ದಿನಕ್ಕೆ ಎಷ್ಟು ಕೂಲಿ ಎಂದು ಕೇಳಿ ಬರೆದಿಡುವುದಕ್ಕೆ ದೊಡ್ಡ ಸಂಸ್ಥೆಯೇನೂ ಬೇಕಿಲ್ಲ. ಒಂದು ಶಾಲೆಯ ಮೇಷ್ಟ್ರು, ಒಂದು ನೋಟುಬುಕ್ಕು ಸಾಕು.