ಥ್ರಾಟಲ್ ಬಾಡಿಗೆ ಆಯಿಲ್ ಜಿಡ್ಡು ಎಲ್ಲಿಂದ ಬಂತು?

ಕಾರು ಅರವತ್ತು ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಐಡಲಿಂಗ್ ಕುಂಟತೊಡಗುತ್ತದೆ. ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ ಗ್ಯಾರೇಜಿಗೆ ಬಿಟ್ಟರೆ ಹುಡುಗರು ಮೊದಲು ಸ್ಕ್ಯಾನರ್ ಚುಚ್ಚುತ್ತಾರೆ. ಕೋಡ್ ಏನೂ ಬರದಿದ್ದರೆ ಥ್ರಾಟಲ್ ಬಾಡಿ ಬಿಚ್ಚಿ, ಒಳಗಿನ ಕರಿ ಜಿಡ್ಡಿಗೆ ಸ್ಪ್ರೇ ಹೊಡೆದು ಒರೆಸಿ, ‘ಪೆಟ್ರೋಲ್ ಸರಿಯಿಲ್ಲ ಸಾರ್, ಡೀಕಾರ್ಬನ್ ಮಾಡಿಸಿಬಿಡಿ’ ಎನ್ನುತ್ತಾರೆ. ಆದರೆ ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಇರುವ ಎಂಪಿಎಫ್‌ಐ ಎಂಜಿನ್ನಿನಲ್ಲಿ ಥ್ರಾಟಲ್ ಬಾಡಿಯ ಮೂಲಕ ಪೆಟ್ರೋಲ್ ಹಾಯುವುದೇ ಇಲ್ಲ. ಅದು ಗಾಳಿಯ ದಾರಿ. ಅಲ್ಲಿಗೆ ಎಣ್ಣೆ ಬಂದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಉತ್ತರ ಕ್ರ್ಯಾಂಕ್‌ಕೇಸಿನ ಉಸಿರಾಟದಲ್ಲಿದೆ. ಈ ವಿಷಯಕ್ಕೆ ನಮ್ಮ ಪಠ್ಯಗಳಲ್ಲಿ ಒಂದು ಪ್ಯಾರಾ, ಒಂದು ಚಿತ್ರ ಸಿಕ್ಕರೆ ಹೆಚ್ಚು.

ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಒಂದಿಷ್ಟು ಅನಿಲ ಅವನ್ನು ದಾಟಿ ಕೆಳಗಿನ ಚೇಂಬರಿಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ನುಸುಳುತ್ತದೆ. ಅದರಲ್ಲಿ ಉರಿಯದ ಪೆಟ್ರೋಲು, ನೀರಾವಿ, ನೈಟ್ರೋಜನ್ ಆಕ್ಸೈಡುಗಳಿರುತ್ತವೆ; ಕ್ರ್ಯಾಂಕ್ ಎರಚಿದ ಆಯಿಲಿನ ಸಣ್ಣ ಹನಿಗಳೂ ಸೇರಿಕೊಳ್ಳುತ್ತವೆ. ಹಳೆಯ ಅಂಬಾಸಿಡರ್ ಕಾಲದ ಎಂಜಿನ್ನುಗಳಲ್ಲಿ ಇದಕ್ಕೆ ರಸ್ತೆಯ ಕಡೆ ಇಳಿಬಿಟ್ಟ ಪೈಪು. ಕಾರು ಓಡುವಾಗ ಗಾಳಿ ಎಳೆಯುತ್ತಿತ್ತು, ನಿಂತಾಗ ಇಲ್ಲ. ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದಲ್ಲಿ ಲಾಸ್ ಏಂಜಲೀಸಿನ ಹೊಗೆಮಂಜಿಗೆ ಕಾರುಗಳನ್ನು ಹೊಣೆ ಮಾಡಿದರು. 1961ರ ಮಾದರಿಯಿಂದ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಲ್ಲಿ ಕ್ರ್ಯಾಂಕ್‌ಕೇಸಿನ ಉಸಿರಾಟಕ್ಕೆಂದೇ ಪಿಸಿವಿ ವಾಲ್ವ್ ಬಂತು, ಚೇಂಬರಿನ ಹೊಗೆ ಮರಳಿ ಎಂಜಿನ್ನಿಗೇ ಹೋಯಿತು. ಅದೇ ಹೊತ್ತಿಗೆ ಮೈಸೂರಿನಲ್ಲಿ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಶುರುವಾಗಿತ್ತು. ಆ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್-ಆಯಿಲ್ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಸಾಗುತ್ತದೆ, ಬೇರೆ ಉಸಿರಾಟದ ಏರ್ಪಾಡು ಬೇಕಿಲ್ಲ. ಜಾವಾದಲ್ಲಿ ಕೈ ಪಳಗಿಸಿಕೊಂಡ ನಮ್ಮ ಕಡೆಯ ಹಿರಿಯ ಮೇಸ್ತ್ರಿಗಳು ಕಾರಿನ ಬ್ರೀದರ್ ಪೈಪನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದಕ್ಕೆ ಇದೂ ಕಾರಣವಿರಬೇಕು.

1983ರ ಕೊನೆಗೆ ಮಾರುತಿ 800 ಬಂತು. ಕಾರ್ಬ್ಯುರೇಟರ್ ಇದ್ದಷ್ಟು ಕಾಲ ಜಿಡ್ಡಿನ ಗೋಳು ಹೆಚ್ಚಿರಲಿಲ್ಲ. ಒಳಸೆಳೆದ ಪೆಟ್ರೋಲಿನ ತುಂತುರು ಥ್ರಾಟಲ್, ಮ್ಯಾನಿಫೋಲ್ಡ್, ವಾಲ್ವುಗಳನ್ನು ತೊಳೆಯುತ್ತಲೇ ಇತ್ತು.

ನಿಜವಾದ ತಿರುವು 1998ರಿಂದ 2000ದ ನಡುವಿನದು. ಸ್ಯಾಂಟ್ರೊ ಎಂಪಿಎಫ್‌ಐ ಹೊತ್ತೇ ಬಂತು. 1999ರಲ್ಲಿ ದೆಹಲಿ ಪ್ರದೇಶಕ್ಕೆ ಯೂರೋ ಮಾನದಂಡ ವಿಧಿಸಿ ಸುಪ್ರೀಂ ಕೋರ್ಟ್ ಆದೇಶ ಮಾಡಿದ ಮೇಲೆ ಉಳಿದ ಕಂಪನಿಗಳೂ ಬೆನ್ನುಹತ್ತಿದವು. ಇಂಜೆಕ್ಟರ್ ಈಗ ಇನ್‌ಟೇಕ್ ವಾಲ್ವಿನ ಬೆನ್ನಿಗೇ ಪೆಟ್ರೋಲ್ ಚಿಮ್ಮಿಸುತ್ತದೆ. ವಾಲ್ವು ತೊಳೆದುಕೊಂಡು ಚೊಕ್ಕಟವಾಗಿರುತ್ತದೆ, ಆದರೆ ಅದಕ್ಕಿಂತ ಮೇಲಿನ ದಾರಿಯೆಲ್ಲ ಒಣಗಿತು. ಚೇಂಬರಿನಿಂದ ಬಂದ ಆಯಿಲ್ ಅಲ್ಲಿ ತೆಳುವಾಗಿ ಅಂಟಿ, ಏರ್ ಫಿಲ್ಟರ್ ದಾಟಿದ ನುಣ್ಣನೆಯ ದೂಳನ್ನು ಹಿಡಿದು, ಬಿಸಿಗೆ ಅರಕಿನಂತಾಗುತ್ತದೆ. ಥ್ರಾಟಲ್ ಅಂಚಿನಲ್ಲಿ ಕೂದಲೆಳೆಯಷ್ಟು ಕೂತರೂ ಐಡಲಿಂಗ್ ಗಾಳಿಯ ಅಳತೆ ತಪ್ಪುತ್ತದೆ. ಐಡಲ್ ಕಂಟ್ರೋಲ್ ವಾಲ್ವು ಸಿಕ್ಕಿಹಾಕಿಕೊಳ್ಳುತ್ತದೆ, ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ರಂಧ್ರ ಮುಚ್ಚಿಕೊಳ್ಳುತ್ತದೆ.

ಕಂಪ್ಯೂಟರ್ ಬಂತೆಂದು ಹೆದರಿಯೂ ವ್ಯಾಕ್ಯೂಮ್ ಗೇಜನ್ನು ಕೈಬಿಡದ ನಮ್ಮ ತಲೆಮಾರಿನ ಕೆಲವರು ಜಿಡ್ಡು ಎಲ್ಲಿದೆ ಎನ್ನುವುದರಿಂದಲೇ ಕಾರಣ ಓದುವುದನ್ನು ಕಲಿತರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಸ್ಕ್ಯಾನರ್ ಇನ್ನೂ ಬಂದಿಲ್ಲ. ಹೇಗೆಂದರೆ, ಪಿಸಿವಿ ವಾಲ್ವಿನೊಳಗೆ ಸ್ಪ್ರಿಂಗಿಗೆ ಕೂತ ಪ್ಲಂಜರ್ ಇದೆ. ಐಡಲಿಂಗಿನಲ್ಲಿ ಮ್ಯಾನಿಫೋಲ್ಡಿನ ಸೆಳೆತ ಜೋರಾಗಿರುವುದರಿಂದ ಅದು ಎಳೆದುಕೊಂಡು ದಾರಿಯನ್ನು ಕಿರಿದು ಮಾಡುತ್ತದೆ. ಹದ ವೇಗದಲ್ಲಿ ತೆರೆದುಕೊಳ್ಳುತ್ತದೆ. ಇನ್ನೊಂದು ಕಡೆ ಥ್ರಾಟಲಿನ ಮುಂದಿನಿಂದ ಟ್ಯಾಪೆಟ್ ಕವರಿಗೆ ಶುದ್ಧ ಗಾಳಿಯ ಪೈಪು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸೆಳೆತ ಇಳಿದು, ಹೆಚ್ಚಾದ ಹೊಗೆ ಈ ಪೈಪಿನಲ್ಲಿ ಹಿಮ್ಮುಖವಾಗಿ ನುಗ್ಗುತ್ತದೆ. ಪಿಸಿವಿ ಕಟ್ಟಿಕೊಂಡರಂತೂ ಸದಾ ಹೀಗೆಯೇ: ಏರ್ ಫಿಲ್ಟರ್ ಡಬ್ಬದಲ್ಲೇ ಆಯಿಲ್ ಕಾಣುತ್ತದೆ, ಕ್ರ್ಯಾಂಕ್ ಸೀಲಿನಲ್ಲಿ ಜಿನುಗುತ್ತದೆ. ತೆರೆದೇ ಸಿಕ್ಕಿಕೊಂಡರೆ ಥ್ರಾಟಲಿನಿಂದಾಚೆಗೆ ಮ್ಯಾನಿಫೋಲ್ಡ್ ಒದ್ದೆಯಾಗಿ, ಎಂಜಿನ್ ‘ಆಯಿಲ್ ಕುಡಿಯುತ್ತದೆ’. ಐಡಲಿಂಗಿನಲ್ಲಿ ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ತೆಳುವಾದ ಕಾಗದ ಇಟ್ಟರೆ ಅದು ಮೆಲ್ಲಗೆ ಅಂಟಿಕೊಳ್ಳಬೇಕು. ಕುಣಿದರೆ ಮೊದಲು ವಾಲ್ವು, ಹೋಸು. ಆಮೇಲೆ ಕಂಪ್ರೆಷನ್ ನೋಡಿ ರಿಂಗಿನ ಮಾತು. ಈ ಸಣ್ಣ ವಾಲ್ವನ್ನು ನೋಡದೆ ಬೋರ್ ಮಾಡಿಸಿದ ಎಂಜಿನ್ನುಗಳು ಕಡಿಮೆಯಿಲ್ಲ.

ಎಂಜಿನ್ ಬಿಚ್ಚುವವರ ಮಾತಿನಲ್ಲಿ ಊರು ಲೆಕ್ಕಕ್ಕೆ ಬರುವುದು ಅಪರೂಪ. ಬರಬೇಕು. ನಂಜನಗೂಡಿನಿಂದ ಮೈಸೂರಿಗೆ ದಿನಾ ಹೋಗಿಬರುವ ಕಾರಿನಲ್ಲಿ ಆಯಿಲ್ ಚೆನ್ನಾಗಿ ಕಾಯುತ್ತದೆ, ನೀರಾವಿ ಹಾರಿಹೋಗುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಸ್ಕೂಲಿಗೆ ಓಡಾಡುವ ಕಾರಿನಲ್ಲಿ ಕೂಲೆಂಟ್ ಕಾದರೂ ಆಯಿಲ್ ಕಾದಿರುವುದಿಲ್ಲ. ಮುಚ್ಚಳದಡಿ ಬಿಳಿ ಲೋಳೆ ಕಟ್ಟುತ್ತದೆ. ಅದನ್ನು ನೋಡಿ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿಪಡಿಸುವವರೂ ಇದ್ದಾರೆ. ತಿ. ನರಸೀಪುರದ ಕಡೆಯ ಹಳ್ಳಿ ರಸ್ತೆಗಳಲ್ಲಿ ಸುಗ್ಗಿಯ ಹೊತ್ತಿಗೆ ಟಾರಿನ ಮೇಲೆಯೇ ಹುರುಳಿ ಒಕ್ಕಣೆ. ಆ ಹೊಟ್ಟು, ದೂಳು ಏರ್ ಫಿಲ್ಟರನ್ನು ಕಟ್ಟಿಸಿದರೆ ಸೆಳೆತದ ಲೆಕ್ಕವೇ ಬದಲಾಗಿ, ಬ್ರೀದರಿನಿಂದ ಆಯಿಲ್ ಇನ್ನಷ್ಟು ಬರುತ್ತದೆ.

ಡೀಸೆಲ್ ಸಿಆರ್‌ಡಿಐ ಎಂಜಿನ್ನುಗಳದ್ದು ಬೇರೆಯೇ ಅಧ್ಯಾಯ: ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಕಳಿಸುವ ಇಜಿಆರ್ ತಂದ ಮಸಿಗೆ ಬ್ರೀದರಿನ ಆಯಿಲ್ ಕಲೆತು ಮ್ಯಾನಿಫೋಲ್ಡಿನಲ್ಲಿ ಕಪ್ಪು ಕಿಟ್ಟ. ಪೆಟ್ರೋಲಿನಲ್ಲಿ 2013ರ ಪೋಲೊ ಜಿಟಿ ಟಿಎಸ್‌ಐ, 2017ರ ಬಲೆನೊ ಆರ್‌ಎಸ್ ತರಹದ ಕಾರುಗಳು ನೇರ ಇಂಜೆಕ್ಷನ್ ತಂದವು. ಪೆಟ್ರೋಲ್ ಸಿಲಿಂಡರಿನೊಳಕ್ಕೇ ಬೀಳುವುದರಿಂದ ವಾಲ್ವಿನ ಬೆನ್ನು ತೊಳೆಯುವುದು ನಿಂತಿತು, ಜಿಡ್ಡು ಅಲ್ಲಿ ಸುಟ್ಟು ಗಟ್ಟಿಯಾಗುತ್ತದೆ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಅಲ್ಲಿಗೆ ತಲುಪುವುದೇ ಇಲ್ಲ, ಮಾರುವವರು ಇದನ್ನು ಹೇಳುವುದಿಲ್ಲ. ವಿದೇಶಗಳಲ್ಲಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಕೆರೆಯುತ್ತಾರೆ. ಟೊಯೊಟಾ ಡಿ-4ಎಸ್ ಹೆಸರಿನಲ್ಲಿ ಎರಡೂ ಕಡೆ ಇಂಜೆಕ್ಟರ್ ಇಟ್ಟಿತು. ಟರ್ಬೊ ಇದ್ದರೆ ಬೂಸ್ಟಿನ ಹೊತ್ತಿನಲ್ಲಿ ಮ್ಯಾನಿಫೋಲ್ಡಿನಲ್ಲಿ ಸೆಳೆತವಿರದೆ ಹೊಗೆಯೆಲ್ಲ ಟರ್ಬೊ ಮುಂದಿನಿಂದ ಬರುತ್ತದೆ, ಇಂಟರ್‌ಕೂಲರಿನಲ್ಲೂ ಆಯಿಲ್ ನಿಲ್ಲುತ್ತದೆ. ಟ್ಯಾಪೆಟ್ ಕವರಿನೊಳಗೆ ಆಯಿಲ್ ಬೇರ್ಪಡಿಸುವ ಏರ್ಪಾಡು ಸುಧಾರಿಸಿದೆ, ನಿಜ. ಆದರೆ ಅದನ್ನು ಕವರಿನ ಜೊತೆಗೇ ಅಚ್ಚು ಹಾಕಿಬಿಟ್ಟರೆ ಕೆಟ್ಟಾಗ ಇಡೀ ಕವರೇ ಬದಲಾಗಬೇಕು. ಇದನ್ನು ಪ್ರಗತಿ ಎನ್ನಲು ನನಗೆ ಮನಸ್ಸಿಲ್ಲ.

ಜಿಡ್ಡು ತಪ್ಪಿಸಲು ಹೋಸನ್ನೇ ಕಿತ್ತು, ಮ್ಯಾನಿಫೋಲ್ಡಿನ ತೂತು ಮುಚ್ಚಿ, ಬ್ರೀದರನ್ನು ಕೆಳಗೆ ಇಳಿಬಿಡುವ ಚಾಳಿ ಈಚೆಗೆ ಬಂದಿದೆ. ಥ್ರಾಟಲ್ ಹೊಳೆಯುತ್ತದೆ, ಗಿರಾಕಿ ಖುಷಿ. ಆದರೆ ಚೇಂಬರಿಗೆ ಹೊಸ ಗಾಳಿ ಹೋಗುವುದು ನಿಂತು ನೀರು, ಆಮ್ಲ ಅಲ್ಲೇ ಉಳಿದು ಆಯಿಲ್ ಬೇಗ ಕೆಸರಾಗುತ್ತದೆ. ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸಿನಿಂದ ಹೊರಗಾಳಿಗೆ ಹೊಗೆ ಬಿಡಕೂಡದೆಂದು ನಿಯಮವಿದೆ. ಹೊಸ ಮಾದರಿಗೆ ಅನುಮತಿ ಕೊಡುವಾಗ ಅದನ್ನು ಪರೀಕ್ಷಿಸುತ್ತಾರೆ. ಮುಂದೆ ಪಿಯುಸಿ ಕೇಂದ್ರ ನೋಡುವುದು ಸೈಲೆನ್ಸರಿನ ಬಾಯಿ ಮಾತ್ರ, ಕಿತ್ತ ಹೋಸಿನ ಕಾರೂ ಪಾಸು.

ಈಗ ಸಿಎನ್‌ಜಿ ಬಂದಿದೆ. ತೊಳೆಯಲು ದ್ರವವೇ ಇಲ್ಲ, ಮೀಥೇನ್ ಉರಿದರೆ ನೀರಾವಿಯೂ ಪೆಟ್ರೋಲಿಗಿಂತ ಹೆಚ್ಚು. ಪೆಟ್ರೋಲಿಗೆ ಶೇ. 20 ಎಥನಾಲ್ ಸೇರಿದೆ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕೊಡುವ ನಂಜನಗೂಡು ತಾಲ್ಲೂಕಿನವರಿಗೆ ಎಥನಾಲಿನ ದರ ಗೊತ್ತು. ನೀರನ್ನು ಹೀರಿಕೊಳ್ಳುವ ಆ ದ್ರವ ತಣ್ಣನೆಯ ಎಂಜಿನ್ನಿನಲ್ಲಿ ರಿಂಗು ದಾಟಿ ಆಯಿಲಿಗೆ ಇಳಿದರೆ ಆಗುವುದೇನೆಂದು ಅವರಿಗೆ ಹೇಳಿದವರಿಲ್ಲ. ವಾಹನ ಪರೀಕ್ಷಿಸುವ ಪುಣೆ, ಮಾನೇಸರದ ಪ್ರಯೋಗಶಾಲೆಗಳಿಗೆ ಹೋಗುವುದು ಹೆಚ್ಚಾಗಿ ಹೊಸ ಎಂಜಿನ್ನು. ಹದಿನೈದು ವರ್ಷದ ಆಲ್ಟೊ ದಿನಕ್ಕೆ ಮೂರು ಕಿಲೋಮೀಟರ್ ಓಡಿ ನಿಂತರೆ ಅದರ ಮುಚ್ಚಳದಡಿ ಏನಿದೆ ಎಂಬುದು ನಮ್ಮ ಗ್ಯಾರೇಜುಗಳಿಗೆ ಮಾತ್ರ ಕಾಣುತ್ತದೆ, ಕಂಡದ್ದನ್ನು ಅವು ಬರೆದಿಡುವುದಿಲ್ಲ. ಮೈಸೂರಿನ ಯಾವುದೇ ಪಾಲಿಟೆಕ್ನಿಕ್‌ನ ಕೊನೆಯ ವರ್ಷದ ಹುಡುಗರು ಹತ್ತು ಕಾರುಗಳನ್ನು ಆರಿಸಿ, ಪ್ರತಿ ಆಯಿಲ್ ಬದಲಾವಣೆಯಲ್ಲೂ ಓಡಿದ ದೂರ, ಕಾಗದದ ಪರೀಕ್ಷೆ, ಥ್ರಾಟಲಿನಿಂದ ಹತ್ತಿಯಲ್ಲಿ ಒರೆಸಿದ ಜಿಡ್ಡಿನ ತೂಕ ಗುರುತಿಟ್ಟುಕೊಳ್ಳಬಹುದು. ಖರ್ಚು ಎಂದರೆ ಒಂದು ಸಣ್ಣ ತಕ್ಕಡಿ, ಒಂದು ನೋಟ್‌ಬುಕ್ಕು.