ಪರವಾನಗಿಯಿಲ್ಲದ ಕೋವಿ: ಕೊಡಗಿನ ವಿನಾಯಿತಿಯ ಚರಿತ್ರೆ

ಬಂದೂಕು ಇಟ್ಟುಕೊಳ್ಳಬೇಕೆಂದರೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ಪೊಲೀಸ್ ವರದಿ ಬರಬೇಕು, ಪರವಾನಗಿ ಸಿಕ್ಕ ಮೇಲೂ ಅವಧಿ ತೀರುವ ಮುನ್ನ ಅದನ್ನು ನವೀಕರಿಸಬೇಕು. ಕೊಡಗಿನ ಎರಡು ವರ್ಗದವರಿಗೆ ಈ ಕಟ್ಟಳೆಯಿಲ್ಲ. ಒಂದು, ಸರ್ಕಾರದ ಭಾಷೆಯಲ್ಲಿ ‘ಕೂರ್ಗ್ ಜನಾಂಗ’ ಎನಿಸಿಕೊಂಡ ಕೊಡವರು. ಇನ್ನೊಂದು, ಜಮ್ಮಾ ಹಿಡುವಳಿದಾರರು. ಮೊದಲನೆಯದು ಹುಟ್ಟಿನಿಂದ ಬರುವ ಹಕ್ಕು, ಎರಡನೆಯದು ಭೂಮಿಯಿಂದ ಬರುವ ಹಕ್ಕು. ಈ ವಿನಾಯಿತಿಯ ಬಗ್ಗೆ ಪರ-ವಿರೋಧ ಮಾತನಾಡುವವರಲ್ಲಿ ಹೆಚ್ಚಿನವರು ಎರಡನ್ನೂ ಒಂದೇ ಎಂಬಂತೆ ಕಾಣುತ್ತಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ.

ಜಮ್ಮಾ ಪದ್ಧತಿ ಬ್ರಿಟಿಷರಿಗಿಂತ ಹಳೆಯದು. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಭೂಮಿ ಪಡೆದ ಒಕ್ಕಗಳು (ಕೂಡುಕುಟುಂಬದ ಮನೆತನಗಳು) ಸಾಮಾನ್ಯ ಹಿಡುವಳಿಯಾದ ಸಾಗು ಜಮೀನಿನವರು ಕೊಡುತ್ತಿದ್ದುದರ ಅರ್ಧದಷ್ಟು ಕಂದಾಯ ಕೊಡುತ್ತಿದ್ದವು. ಅರಸ ಕರೆದಾಗ ಆಯುಧ ಹಿಡಿದು ಬರುವುದು ಅವುಗಳ ಕರ್ತವ್ಯವಾಗಿತ್ತು. ಆ ಭೂಮಿ ಒಬ್ಬನ ಹೆಸರಿನ ಸ್ವತ್ತಲ್ಲ, ಇಡೀ ಒಕ್ಕದ್ದು. ಹಿಡುವಳಿದಾರರಲ್ಲಿ ಕೊಡವರಷ್ಟೇ ಅಲ್ಲ, ಅರೆಭಾಷೆ ಗೌಡರೂ ಇನ್ನಿತರ ಸಮುದಾಯದವರೂ ಇದ್ದರು. ಸೇವೆಯ ಹೊಣೆ ಹೊತ್ತವನ ಮನೆಯಲ್ಲಿ ಕೋವಿ ಇರಲೇಬೇಕಿತ್ತು, ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

1834ರಲ್ಲಿ ಕಂಪನಿ ಸರ್ಕಾರ ಹಾಲೇರಿ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಮೂರೇ ವರ್ಷಕ್ಕೆ ಅರಸು ವಂಶದವನೆನಿಸಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಅಮರ ಸುಳ್ಯದ ರೈತರು ದಂಗೆಯೆದ್ದರು. ಅದನ್ನು ಅಡಗಿಸಲು ಕೊಡಗಿನ ದಿವಾನರೂ ಅವರ ಕಡೆಯವರೂ ಬ್ರಿಟಿಷರಿಗೆ ನೆರವಾದರು. ನೆರವಾದವರಿಗೆ ಕಂಪನಿ ಪದಕಗಳನ್ನು ಹಂಚಿತು. ದಂಗೆಯಲ್ಲಿದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿತು.

1857ರ ನಂತರ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಶಾಸನ ಬಂದಾಗ ಈ ನಿಷ್ಠೆಯ ನೆನಪು ಫಲ ಕೊಟ್ಟಿತು. 1861ರ ಫೆಬ್ರವರಿ 26ರಂದು ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್, ನಿಶ್ಶಸ್ತ್ರೀಕರಣ ಕಾಯ್ದೆ ಕೊಡಗಿನ ಜನರಿಗೆ ಅನ್ವಯಿಸದು ಎಂದು ಘೋಷಿಸಿದ. ಅವನು ಮುಂದಿಟ್ಟ ಕಾರಣಗಳು ಕೊಡಗಿನವರ ಶೌರ್ಯ, ನಿಷ್ಠೆ ಮತ್ತು ಬ್ರಿಟಿಷ್ ಸರ್ಕಾರಕ್ಕೆ ಅವರು ಸಲ್ಲಿಸಿದ ಸೇವೆ. ಅರಸನ ಕಾಲದಲ್ಲಿ ಕೋವಿ ಹೊಣೆಯ ಭಾಗವಾಗಿತ್ತು. ಕಬ್ಬನ್‌ನ ಘೋಷಣೆ ಅದನ್ನು ಬಹುಮಾನವಾಗಿಸಿತು. ಹುಟ್ಟನ್ನೂ ಭೂಮಿಯನ್ನೂ ಒಟ್ಟಿಗೆ ಕಟ್ಟಿಹಾಕಿದ ಗಂಟು ಬಿದ್ದದ್ದು ಇಲ್ಲಿಂದಾಚೆಗೆ ಎಂಬುದು ನನ್ನ ಅಭಿಪ್ರಾಯ.

1878ರ ಆಯುಧ ಕಾಯ್ದೆ, 1924ರ ನಿಯಮಗಳು ಬಂದವು, ವಿನಾಯಿತಿ ಉಳಿಯಿತು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯ 41ನೇ ಕಲಮು ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದ್ದರಿಂದ, 1963ರ ಅಧಿಸೂಚನೆ ಅದೇ ಎರಡು ವರ್ಗಗಳನ್ನು ಹಾಗೆಯೇ ಮುಂದುವರಿಸಿತು. ಅಷ್ಟರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿ ಉಳಿದಿರಲಿಲ್ಲ; 1956ರಲ್ಲಿ ಮೈಸೂರು ರಾಜ್ಯದ ಜಿಲ್ಲೆಯಾಗಿತ್ತು. ಬ್ರಿಟಿಷರಿಗೆ ತೋರಿದ ನಿಷ್ಠೆಯ ಕಾರಣ ಇನ್ನು ಸಲ್ಲುವಂತಿರಲಿಲ್ಲವಾದ್ದರಿಂದ ಸಂಸ್ಕೃತಿಯ ವಾದ ಮುಂದೆ ಬಂತು. ಆ ವಾದ ಪೊಳ್ಳಲ್ಲ. ಆಯುಧಗಳ ಹಬ್ಬವಾದ ಕೈಲ್ ಪೋಳ್ದ್‌ನಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜಿಸುತ್ತಾರೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡಿನ ಸದ್ದು ಊರಿಗೆ ಸುದ್ದಿ ಮುಟ್ಟಿಸುತ್ತದೆ.

ಈ ಕಥೆಯ ನಿಜವಾದ ತಿರುವು 2019ರದು. ಆ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಎಂದು ಅವಧಿ ಹಾಕಿ ಮುಂದುವರಿಸಿತು. ಕೊಡಗಿನಲ್ಲಿ ಇದನ್ನು ಗೆಲುವೆಂದು ಸಂಭ್ರಮಿಸಿದವರಿದ್ದರು. ನನಗೆ ಕಾಣುವುದು ಬೇರೆ: ವ್ಯಕ್ತಿಗೆ ಪರವಾನಗಿ ನವೀಕರಣದ ಗೊಡವೆ ತಪ್ಪಿದರೂ, ನವೀಕರಣದ ಗಡುವು ಇಡೀ ಸಮುದಾಯದ ಮೇಲೆ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಸಾಮಾನ್ಯ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಜಾತಿ ಮತ್ತು ಹಿಡುವಳಿಯ ಆಧಾರದ ಈ ರಿಯಾಯಿತಿ ಸಮಾನತೆಗೆ ವಿರುದ್ಧವೆಂಬ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಯೋಧ ಪರಂಪರೆ, ಸ್ವಾತಂತ್ರ್ಯಪೂರ್ವದಿಂದ ಬಂದ ರೂಢಿ ಇವುಗಳ ಜೊತೆಗೆ, ವಿನಾಯಿತಿ ಅನಿರ್ದಿಷ್ಟ ಕಾಲದ್ದಲ್ಲ, ಷರತ್ತುಗಳೊಂದಿಗೆ ಗೊತ್ತಾದ ಅವಧಿಗೆ ಕೊಟ್ಟದ್ದು ಎಂಬುದನ್ನೂ ನ್ಯಾಯಾಲಯ ಗಮನಿಸಿತು. ಅಂದರೆ 2019ರ ಗಡುವೇ ವಿನಾಯಿತಿಗೆ ನ್ಯಾಯಾಲಯದಲ್ಲಿ ಒಂದು ಆಸರೆಯಾಯಿತು.

ಇಷ್ಟೆಲ್ಲ ಚರ್ಚೆಯಲ್ಲಿ ಯಾರ ಮಾತೂ ತಲುಪದ ಜನರಿದ್ದಾರೆ. ಕಾಫಿ ತೋಟಗಳ ಲೈನ್‌ಮನೆಗಳಲ್ಲಿರುವ ಎರವರು, ಪಣಿಯರು, ಹಾಡಿಗಳ ಜೇನುಕುರುಬರು ಕೊಡಗಿನವರೇ. ಬೆಳಗಿನ ಜಾವ ತೋಟದ ದಾರಿಯಲ್ಲಿ ಆನೆಗೆ ಮೊದಲು ಎದುರಾಗುವವರೂ ಅವರೇ. ಅವರಿಗೆ ಜಮ್ಮಾ ಭೂಮಿ ದಕ್ಕಲಿಲ್ಲ, ‘ಕೂರ್ಗ್ ಜನಾಂಗ’ ಎಂಬ ಮಾತೂ ಅವರನ್ನು ಒಳಗೊಳ್ಳಲಿಲ್ಲ. ಅವರ ಕೈಗೂ ಕೋವಿ ಕೊಡಿ ಎಂಬುದು ನನ್ನ ವಾದವಲ್ಲ; ಕೊಡಗಿನ ಸಂಸ್ಕೃತಿ ಎಂದಾಗ ಲೆಕ್ಕಕ್ಕೆ ಬರುವವರು ಯಾರು ಎಂಬುದನ್ನು 1861ರ ಅಳತೆಗೋಲಿನಿಂದಲೇ ಇಂದಿಗೂ ನಿರ್ಧರಿಸುತ್ತಿದ್ದೇವೆ ಎಂಬುದು ನನ್ನನ್ನು ಕಾಡುತ್ತದೆ. 2029ಕ್ಕೆ ಮುನ್ನ ಜಿಲ್ಲೆಯಲ್ಲಿ ಈ ಚರ್ಚೆ ನಡೆಯುವುದಾದರೆ ಹುಟ್ಟು ಮತ್ತು ಜಮ್ಮಾ ಎಂಬ ಎರಡು ಆಧಾರಗಳನ್ನು ಬೇರೆ ಬೇರೆಯಾಗಿ ತೂಗಬೇಕು. ಹೊಣೆಯಿಂದ ಹುಟ್ಟಿದ ಜಮ್ಮಾ ಹಕ್ಕಿಗೆ ದಾಖಲೆಯ ಬಲವಿದೆ. ಹುಟ್ಟಿನ ಆಧಾರವನ್ನು ಸಮರ್ಥಿಸಲು ಕಬ್ಬನ್‌ನ ಹೊಗಳಿಕೆಗಿಂತ ಗಟ್ಟಿಯಾದ ಕಾರಣ ಬೇಕು.